ವಾಲ್ವ್ ನಿಯಂತ್ರಕ ಕಟ್ಟುತ್ತ ಮೈಕ್ರೋಕಂಟ್ರೋಲರ್ ಕಲಿಯುವ ಬಗೆ

ಮೈಕ್ರೋಕಂಟ್ರೋಲರ್, ಅಂದರೆ ಸಾಧನಗಳನ್ನು ನಡೆಸುವ ಪುಟ್ಟ ಕಂಪ್ಯೂಟರ್ ಚಿಪ್, ಕಲಿಯಬೇಕೆನ್ನುವವರು ಹತ್ತು ಪ್ರಯೋಗಗಳನ್ನು ಅರ್ಧಕ್ಕೆ ಬಿಡುವುದಕ್ಕಿಂತ ಒಂದೇ ಸಾಧನವನ್ನು ಕೊನೆಯ ಸ್ಕ್ರೂ ಬಿಗಿಯುವವರೆಗೆ ಮಾಡಿ ಮುಗಿಸುವುದು ಒಳ್ಳೆಯದು. ನಮ್ಮ ವಿಜಯಪುರ ಜಿಲ್ಲೆಯ ದ್ರಾಕ್ಷಿ ತೋಟಗಳಲ್ಲಿ ಹನಿ ನೀರಾವರಿ ಇರುವುದರಿಂದ, ಮಣ್ಣಿನ ತೇವ ನೋಡಿ ವಾಲ್ವ್ ತೆರೆದು ಮುಚ್ಚುವ ನಿಯಂತ್ರಕವನ್ನೇ ಅಭ್ಯಾಸಕ್ಕೆ ಆರಿಸಿಕೊಳ್ಳಬಹುದು. ಕಲಿಕೆಗೆ ಬಳಸುವ ಆರ್ಡುಯಿನೋ ಊನೋ ಆರ್3 ಬೋರ್ಡಿನಲ್ಲಿರುವ ಎಟಿಮೆಗಾ328ಪಿ ಚಿಪ್‌ಗೆ 32 ಕಿಲೋಬೈಟ್ ಫ್ಲ್ಯಾಶ್ (ಪ್ರೋಗ್ರಾಂ ಉಳಿಯುವ ಜಾಗ), 2 ಕಿಲೋಬೈಟ್ ರ‍್ಯಾಮ್ ಇದ್ದು, ಈ ಕೆಲಸಕ್ಕೆ ಅದು ಧಾರಾಳವಾಯಿತು.

ಪ್ರೋಗ್ರಾಂ ಬರೆಯುವ ಮೊದಲು ಚಿಪ್ಪಿನ ಮಿತಿಗಳನ್ನು ಹೇಳುವ ಡೇಟಾಶೀಟ್ ತೆರೆದು ಕರೆಂಟಿನ ಲೆಕ್ಕ ಮಾಡಿರಿ. ಈ ಚಿಪ್‌ನ ಒಂದು ಪಿನ್ ಮೀರಬಾರದ ಮಿತಿ 40 ಮಿಲಿಆಂಪಿಯರ್. ನಿತ್ಯದ ಬಳಕೆಯಲ್ಲಿ 20ರೊಳಗೆ ಇರಬೇಕು. 220 ಓಮ್ ರೆಸಿಸ್ಟರ್ ಜೋಡಿಸಿದ ಕೆಂಪು ಎಲ್‌ಇಡಿ 5 ವೋಲ್ಟಿನಲ್ಲಿ ಸುಮಾರು 14 ಎಳೆಯುತ್ತದೆ, ಅಡ್ಡಿಯಿಲ್ಲ. ಆದರೆ ವಾಲ್ವಿಗೆ ಕರೆಂಟು ಕೊಟ್ಟು ತೆಗೆಯುವ ಸ್ವಿಚ್ಚಾದ ರಿಲೇ, ಅದರ ಕಾಯಿಲ್ 70 ಓಮ್ ಇದ್ದರೆ, 5 ವೋಲ್ಟಿನಲ್ಲಿ 71ರಷ್ಟು ಎಳೆಯುವುದರಿಂದ, ಅದನ್ನು 2ಎನ್2222ರಂಥ ಟ್ರಾನ್ಸಿಸ್ಟರ್ ಮೂಲಕವೇ ನಡೆಸಬೇಕು.

ನನ್ನ ಮೊದಲ ನಿಯಂತ್ರಕ ಮೇಜಿನ ಮೇಲೆ, ವಾಲ್ವಿನ ಬದಲಿಗೆ ಎಲ್‌ಇಡಿ ಇಟ್ಟಾಗ, ತಪ್ಪಿಲ್ಲದೆ ನಡೆಯಿತು. ತೋಟದಲ್ಲಿ ಮಾತ್ರ ವಾಲ್ವ್ ಮುಚ್ಚಿದಾಗಲೆಲ್ಲ ಚಿಪ್ ಮೊದಲಿನಿಂದ ಶುರುವಾಗುತ್ತಿತ್ತು. ಎರಡು ದಿನ ನಾನು ಪ್ರೋಗ್ರಾಂನಲ್ಲೇ ದೋಷ ಹುಡುಕಿದೆ. ನಿಜವಾದ ಕಾರಣವೆಂದರೆ, 12 ವೋಲ್ಟ್ ಡಿಸಿ ವಾಲ್ವಿನ ಕಾಯಿಲ್‌ಗೆ ಕರೆಂಟು ತಪ್ಪಿದ ಕ್ಷಣದಲ್ಲಿ ಅದರ ಕಾಂತಕ್ಷೇತ್ರ ಕುಸಿದು, ದೊಡ್ಡ ವೋಲ್ಟೇಜ್ ಹುಟ್ಟಿ, ರಿಲೇಯ ತುದಿಗಳಲ್ಲಿ ಕಿಡಿ ಹಾರುತ್ತಿತ್ತು. ಕಾಯಿಲ್‌ಗೆ ಅಡ್ಡಲಾಗಿ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ 1ಎನ್4007 ಡಯೋಡನ್ನು ಅದರ ಪಟ್ಟೆ ಪ್ಲಸ್ ಕಡೆಗೆ ಬರುವಂತೆ ಬೆಸುಗೆ ಹಾಕಿ, ಚಿಪ್‌ನ ಸಪ್ಲೈ ಪಿನ್ನುಗಳ ಮಗ್ಗುಲಲ್ಲೇ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಕೂರಿಸಿದ ಮೇಲೆ ತೊಂದರೆ ನಿಂತಿತು. ರಿಲೇಯ ಕಾಯಿಲ್‌ಗೂ ಇಂಥದೇ ಡಯೋಡ್ ಬೇಕು. ಎಸಿ ವಾಲ್ವ್ ಆದರೆ ಡಯೋಡ್ ಹಾಕಲೇಬಾರದು. ಅದಕ್ಕೆ ರೆಸಿಸ್ಟರ್ ಮತ್ತು ಕೆಪಾಸಿಟರ್ ಸೇರಿದ, ಕಿಡಿ ತಣಿಸುವ ಸ್ನಬ್ಬರ್ ಬೇಕು.

ತೇವದ ಸೆನ್ಸರ್ ಕೊಡುವ ವೋಲ್ಟೇಜನ್ನು ಚಿಪ್ 0ಯಿಂದ 1023ರವರೆಗಿನ ಅಂಕಿಯಾಗಿ ಓದುತ್ತದೆ. ಅದೇ ತೋಟದ ಎರೆಮಣ್ಣನ್ನು ಒಣಗಿಸಿ ಒಮ್ಮೆ, ನೀರುಣಿಸಿ ಒಮ್ಮೆ ಅಳೆದು, ಆ ಎರಡು ಅಂಕಿಗಳನ್ನು ಶೇಕಡಾ 0 ಮತ್ತು 100 ಎಂದು ಹಿಡಿಯಿರಿ. ಒಂದೇ ಗಡಿ ಇಟ್ಟರೆ ಅಂಕಿ ಅಲ್ಲಲ್ಲೇ ತೂಗಾಡಿ ರಿಲೇ ಟಕಟಕ ಬಡಿದುಕೊಳ್ಳುತ್ತದೆ, ಆದ್ದರಿಂದ ಶೇ. 30ಕ್ಕೆ ಇಳಿದಾಗ ತೆರೆದು 45ಕ್ಕೇರಿದಾಗ ಮುಚ್ಚುವಂತೆ ಎರಡು ಗಡಿಗಳನ್ನು ಬರೆಯಿರಿ. ಎರಡು ಲೋಹದ ಕಡ್ಡಿಗಳ ಸೆನ್ಸರ್‌ಗೆ ಸದಾ ಕರೆಂಟು ಕೊಟ್ಟರೆ ಕಡ್ಡಿ ಸವೆಯುತ್ತದೆ, ಅಳೆಯುವಾಗಷ್ಟೇ ಕೊಡಿರಿ. ಸಮಯಕ್ಕೆ, ಪ್ರೋಗ್ರಾಂ ಅನ್ನೇ ತಡೆದು ನಿಲ್ಲಿಸುವ ಡಿಲೇ ಆದೇಶ ಬಳಸದೆ, ಕಳೆದ ಮಿಲಿಸೆಕೆಂಡುಗಳನ್ನು ಹೇಳುವ ಮಿಲಿಸ್ ಬಳಸಿದರೆ, ಕಾಯುವ ಹೊತ್ತಿನಲ್ಲೂ ಕೈಗುಂಡಿ ಒತ್ತಿದ್ದು ಚಿಪ್‌ಗೆ ತಿಳಿಯುತ್ತದೆ.

ಕೊನೆಗೆ, ವಾಲ್ವ್ ತೆರೆದಿರುವಾಗಲೇ ವಿದ್ಯುತ್ ತೆಗೆದು ಮತ್ತೆ ಕೊಟ್ಟು ಪರೀಕ್ಷಿಸಬೇಕು. ಶುರುವಾಗುವ ಕ್ಷಣದಲ್ಲಿ ಪಿನ್‌ಗಳೆಲ್ಲ ಇನ್‌ಪುಟ್ ಸ್ಥಿತಿಯಲ್ಲಿ ಇರುವುದರಿಂದ, ಟ್ರಾನ್ಸಿಸ್ಟರಿನ ನಿಯಂತ್ರಣ ಕಾಲಾದ ಬೇಸ್‌ನಿಂದ ಗ್ರೌಂಡಿಗೆ 10 ಕಿಲೋಓಮ್ ರೆಸಿಸ್ಟರ್ ಹಾಕಿದ್ದರೆ ಮಾತ್ರ, ಪ್ರೋಗ್ರಾಂ ಎಚ್ಚರಗೊಳ್ಳುವವರೆಗೆ ವಾಲ್ವ್ ಮುಚ್ಚಿಯೇ ಇರುತ್ತದೆಂಬ ಖಾತರಿ ಸಿಗುತ್ತದೆ.