ಓಸ್ಲೋಗೆ ಹೊಸದಾಗಿ ಬಂದಿದ್ದೀರಾ? ಮೆಟ್ರೋ ಹತ್ತಿ ಕೊನೆ ಸ್ಟೇಷನ್ನಿನಲ್ಲಿ ಇಳಿಯಿರಿ

ಹೊಸಬರು ಮೊದಲು ಕೇಳುವುದು, "ಯಾವ ಟೂರಿಸ್ಟ್ ಪಾಸ್ ತಗೋಬೇಕು?" ಅಂತ. ಸದ್ಯಕ್ಕೆ ಯಾವುದೂ ಬೇಡ. ಓಡಾಟಕ್ಕೆ ರುಟರ್ (ಇಲ್ಲಿಯ ಸಾರಿಗೆ ಸಂಸ್ಥೆ) ತಿಂಗಳ ಪಾಸ್ ಮಾಡಿಸಿರ್ತೀರಲ್ವಾ, ಅದೇ ಸಾಕು. ಒಂದನೇ ಜೋನಿನ, ಅಂದರೆ ಓಸ್ಲೋ ನಗರದ, ಪಾಸಿನಲ್ಲಿ ಮೆಟ್ರೋ, ಟ್ರಾಮ್, ಬಸ್ಸಿನ ಜೊತೆ ಹತ್ತಿರದ ದ್ವೀಪಗಳಿಗೆ ಹೋಗುವ ದೋಣಿಯೂ ಸೇರಿದೆ.

ಮೊದಲ ಭಾನುವಾರ ಸೋಂಗ್ಸ್‌ವಾನ್ ಕೆರೆಗೆ ಹೋಗಿ. 5ನೇ ಲೈನಿನ ಕೊನೆ ಸ್ಟೇಷನ್. ಸ್ವಲ್ಪ ನಡೆದರೆ ನೀರು ಕಾಣುತ್ತದೆ. ಕೆರೆ ಸುತ್ತ ಮೂರು ಕಿಲೋಮೀಟರಿಗಿಂತ ತುಸು ಜಾಸ್ತಿ ದಾರಿ, ಮಗುವಿನ ಗಾಡಿಯನ್ನೂ ಆರಾಮಾಗಿ ತಳ್ಳಬಹುದು. ಅದರಾಚೆ ಕಾಡೇ ಕಾಡು. ಬಸ್ಸಲ್ಲಿ ಪಕ್ಕ ಕೂತರೂ ಮಾತಾಡದ ಜನ ಇಲ್ಲಿ ಎದುರಾದರೆ "ಹೈ" ಅನ್ನುತ್ತಾರೆ. ನೀವೂ ಅನ್ನಿ. ಆಗಸ್ಟ್‌ನಲ್ಲಿ ಒಂದು ಡಬ್ಬಿ ಇಟ್ಟುಕೊಳ್ಳಿ. ಮೊಣಕಾಲೆತ್ತರದ ಗಿಡಗಳಲ್ಲಿ ಬ್ಲೂಬೆರಿ ಬಿಟ್ಟಿರುತ್ತದೆ. ಯಾರು ಬೇಕಾದರೂ ಕೀಳಬಹುದು, ಅದು ಇಲ್ಲಿಯ ಕಾನೂನೇ ಕೊಟ್ಟ ಹಕ್ಕು. ಅಂಗಡಿಯ ಹಣ್ಣು ಒಳಗೆ ಬೆಳ್ಳಗಿರುತ್ತದೆ. ಇದು ಒಳಗೂ ನೇರಳೆ ಬಣ್ಣ. ನಾಲಿಗೆ, ಬೆರಳು ಎಲ್ಲ ನಮ್ಮ ನೇರಳೆ ಹಣ್ಣು ತಿಂದ ಹಾಗೇ ಆಗುತ್ತದೆ! ಏಪ್ರಿಲ್ 15ರಿಂದ ಸೆಪ್ಟೆಂಬರ್ 15ರವರೆಗೆ ಕಾಡಿನಲ್ಲಿ ಬೆಂಕಿ ಹಚ್ಚುವಂತಿಲ್ಲ, ನೆನಪಿರಲಿ.

ಬೇಸಿಗೆಯಲ್ಲಿ ಸಿಟಿ ಹಾಲ್ ಮುಂದಿನ ಕಟ್ಟೆಯಿಂದ ದೋಣಿ ಹತ್ತಿ ಹೋವೆಡ್‌ಓಯಾ ದ್ವೀಪಕ್ಕೆ ಹೋಗಿ. 1147ರಲ್ಲಿ ಕಟ್ಟಿದ ಕ್ರೈಸ್ತ ಮಠದ ಪಾಳುಗೋಡೆಗಳ ನಡುವೆ ಮಕ್ಕಳು ಓಡಾಡುತ್ತಾರೆ. ಊರಿಂದ ಅಪ್ಪ ಅಮ್ಮ ಬಂದರೆ ಒಪೆರಾ ಹೌಸ್‌ನ ಅಮೃತಶಿಲೆಯ ಚಾವಣಿ ಹತ್ತಿಸಿ. ಮೆಟ್ಟಿಲಿನ ಕಾಟ ಕಡಿಮೆ, ಇಳಿಜಾರಿನ ಮೇಲೆ ನಡೆದರಾಯಿತು. ಮಳೆ ಬಂದಾಗ ಮಾತ್ರ ಬೇಡ, ಜಾರುತ್ತದೆ. ವಿಗೆಲಾನ್ ಪಾರ್ಕಿಗೆ ಟಿಕೆಟ್ಟೂ ಇಲ್ಲ, ಮುಚ್ಚುವ ಹೊತ್ತೂ ಇಲ್ಲ. ಇನ್ನೂರಕ್ಕೂ ಹೆಚ್ಚು ಶಿಲ್ಪಗಳಿವೆ. ಸೇತುವೆ ಮೇಲೆ ಕಾಲು ಅಪ್ಪಳಿಸಿ ಸಿಟ್ಟಾಗಿ ನಿಂತ ಪುಟ್ಟ ಹುಡುಗನ ಎಡಗೈ ನೋಡಿ. ಜನ ಮುಟ್ಟಿ ಮುಟ್ಟಿ ಅದೊಂದೇ ಚಿನ್ನದ ಹಾಗೆ ಹೊಳೆಯುತ್ತದೆ.

ಚಳಿಗಾಲದಲ್ಲಿ ದಯವಿಟ್ಟು ಮನೆಯೊಳಗೇ ಕೂರಬೇಡಿ. ಡಿಸೆಂಬರಿನಲ್ಲಿ ಮೂರೂಕಾಲಿಗೆಲ್ಲ ಸೂರ್ಯ ಮುಳುಗುತ್ತಾನೆ, ಮನಸ್ಸು ಕುಗ್ಗುತ್ತದೆ. ಹಿಮ ಬಿದ್ದ ಮೇಲೆ ಮೆಟ್ರೋ 1ನೇ ಲೈನಿನಲ್ಲಿ ಗುಡ್ಡದ ಮೇಲಿನ ಕೊನೆ ಸ್ಟೇಷನ್ ಫ್ರೊಗ್ನರ್‌ಸೇಟೆರೆನ್‌ಗೆ ಹೋಗಿ. ಅಲ್ಲಿಂದ ಸುಮಾರು ಎರಡು ಕಿಲೋಮೀಟರ್ ಜಾರುಬಂಡಿಯಲ್ಲಿ ಕೆಳಗಿಳಿದು, ಮತ್ತೆ ಮೆಟ್ರೋ ಹತ್ತಿ ಮೇಲೆ ಬರಬಹುದು. ಬಂಡಿ ಬಾಡಿಗೆಗೆ ಸಿಗುತ್ತದೆ. ಜೀನ್ಸ್ ಬೇಡ, ಒಳಗೆ ಉಣ್ಣೆ ಬಟ್ಟೆ ಹಾಕಿ. ಶೂಗೆ ಸಿಕ್ಕಿಸುವ ಮುಳ್ಳಿನ ಪಟ್ಟಿಗೆ ಇಲ್ಲಿ ಬ್ರೊಡರ್ ಅಂತಾರೆ, ಅದನ್ನು ನವೆಂಬರಿನಲ್ಲೇ ತಗೊಳ್ಳಿ. ನಾನು ಮೊದಲ ವರ್ಷ ಅದಿಲ್ಲದೆ ಹೊರಟು, ಮನೆ ಬಾಗಿಲಲ್ಲೇ ಬಿದ್ದು ಮಣಿಕಟ್ಟು ಮುರಿದುಕೊಂಡೆ.

ಊಟ ಮನೆಯಿಂದಲೇ ಒಯ್ಯಿರಿ. ಇಲ್ಲಿಯವರೂ ಬ್ರೆಡ್ಡು ಕಟ್ಟಿಕೊಂಡೇ ಬರುತ್ತಾರೆ. ನಮ್ಮದು ಚಪಾತಿ ಪಲ್ಯ, ಫ್ಲಾಸ್ಕಿನಲ್ಲಿ ಬಿಸಿ ಸಾರು. ಕೂರಲು ಸಣ್ಣ ಫೋಮ್ ಮ್ಯಾಟ್ ಮರೆಯಬೇಡಿ, ಬಂಡೆ ಬೇಸಿಗೆಯಲ್ಲೂ ತಣ್ಣಗಿರುತ್ತದೆ.