ಪಿಯು ಮಕ್ಕಳನ್ನು ಎನ್‌ಎಸ್‌ಇಪಿಗೆ ತಯಾರು ಮಾಡುವುದು: ಕೆಜಿಎಫ್ ಗಣಿಯ ಲೆಕ್ಕದಿಂದ ಶುರು ಮಾಡಿ

ನಾನು ಬಂಗಾರಪೇಟೆ ಕಡೆಯ ಒಂದು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ. ಮಾಲೂರು, ಶ್ರೀನಿವಾಸಪುರ, ಮಾರಿಕುಪ್ಪಂ ಕಡೆಯಿಂದೆಲ್ಲ ಮಕ್ಕಳು ಬರುತ್ತಾರೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವರೇ ಜಾಸ್ತಿ. ಅವರಲ್ಲಿ ಕೆಲವರು ಎನ್‌ಎಸ್‌ಇಪಿ ಬರೆಯುತ್ತೇವೆ ಅನ್ನುತ್ತಾರೆ. ಭೌತಶಾಸ್ತ್ರ ಶಿಕ್ಷಕರ ಸಂಘವಾದ ಐಎಪಿಟಿ ನವೆಂಬರ್‌ನಲ್ಲಿ ನಡೆಸುವ ಪರೀಕ್ಷೆ ಅದು, ಫಿಸಿಕ್ಸ್ ಒಲಿಂಪಿಯಾಡ್‌ನ ಮೊದಲ ಮೆಟ್ಟಿಲು. ಅಲ್ಲಿ ಆಯ್ಕೆಯಾದವರು ಮುಂದಿನ ಸುತ್ತಿನ ಪರೀಕ್ಷೆಯಾದ ಐಎನ್‌ಪಿಎಚ್‌ಒ ಬರೆಯುತ್ತಾರೆ. ಆಮೇಲೆ ಮುಂಬೈನ ಹೋಮಿ ಭಾಭಾ ಕೇಂದ್ರದಲ್ಲಿ ಶಿಬಿರ, ಕೊನೆಗೆ ಐದು ಜನರ ತಂಡ. ಭಾರತ ಈ ಒಲಿಂಪಿಯಾಡ್‌ಗೆ ಹೋಗಲು ಶುರು ಮಾಡಿದ್ದು 1998ರಲ್ಲಿ.

ನಮ್ಮ ಮಕ್ಕಳಿಗೆ ಕೆಸಿಇಟಿ ಅಭ್ಯಾಸ ಇರುತ್ತದೆ. 80 ನಿಮಿಷ, 60 ಪ್ರಶ್ನೆ. ಪ್ರಶ್ನೆ ನೋಡು, ಸೂತ್ರ ನೆನಪಿಸಿಕೋ, ಅಂಕಿ ಹಾಕು. ಎನ್‌ಎಸ್‌ಇಪಿಯಲ್ಲಿ ಇದು ನಡೆಯುವುದಿಲ್ಲ. ಅಲ್ಲಿ ಕೇಳುವುದು ಸೂತ್ರ ಗೊತ್ತಾ ಅಂತಲ್ಲ, ಆ ಸೂತ್ರ ಯಾವ ಷರತ್ತಿನಲ್ಲಿ ನಿಜ ಅಂತ. ಅದಕ್ಕೆ ನನ್ನ ತಯಾರಿ ಪೂರ್ತಿ ಈ ಒಂದು ಪ್ರಶ್ನೆಯ ಸುತ್ತ ಇರುತ್ತದೆ: "ಈ ಸೂತ್ರ ಬರೆಯುವಾಗ ನೀನು ಏನನ್ನು ಸುಮ್ನೆ ಒಪ್ಪಿಕೊಂಡೆ?"

ಜೂನ್‌ನಲ್ಲೇ ಶುರು ಮಾಡಿ. ಮೊದಲ ಕೆಲವು ವಾರ ಫಿಸಿಕ್ಸ್ ಬೇಡ, ಗ್ರಾಫ್ ಹಾಳೆ ಸಾಕು. ಪಿಯು ಗಣಿತದಲ್ಲಿ ಡಿಫರೆನ್ಶಿಯೇಶನ್ ಬರುವ ತನಕ ಕಾಯುತ್ತಾ ಕೂತರೆ ತಡವಾಗುತ್ತದೆ. ವೇಗ-ಕಾಲದ ಗೆರೆ ಎಳೆಸಿ, ಇಳಿಜಾರು ಅಳೆಸಿ, ಕೆಳಗಿನ ಚೌಕಗಳನ್ನು ಎಣಿಸಿ. ಇಷ್ಟಾದರೆ ಅರ್ಧ ಕ್ಯಾಲ್ಕುಲಸ್ ಕೈಗೆ ಬಂದ ಹಾಗೆ. ಜೊತೆಗೆ ಇನ್ನೊಂದು ಆಯುಧ ಕೊಡಿ: x ತುಂಬ ಚಿಕ್ಕದಾಗಿದ್ದರೆ (1+x)ⁿ ಅಂದರೆ ಹೆಚ್ಚುಕಡಿಮೆ 1+nx. ಇದೊಂದು ಸಾಲು ಪರೀಕ್ಷೆಯಲ್ಲಿ ಎಷ್ಟು ಕಡೆ ಕೈ ಹಿಡಿಯುತ್ತದೆ ಅಂದರೆ, ನಾನು ಇದನ್ನು ಮಗ್ಗಿಯ ಹಾಗೆ ಹೇಳಿಸುತ್ತೇನೆ.

ಆಮೇಲೆ ಮೆಕ್ಯಾನಿಕ್ಸ್. ವಾರಕ್ಕೆ ಒಂದೇ ದೊಡ್ಡ ಲೆಕ್ಕ ಕೊಡಿ. ನಾನು ಪ್ರತಿ ಬ್ಯಾಚ್‌ಗೂ ಕೊಡುವ ಲೆಕ್ಕ ಇದು. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ಸುಮಾರು 3.2 ಕಿಲೋಮೀಟರ್ ಆಳ. ನೆಲದ ಮೇಲೆ ಸರಿಯಾಗಿ ನಡೆಯುವ ಲೋಲಕದ ಗಡಿಯಾರವನ್ನು ತಳಕ್ಕೆ ಇಳಿಸಿದರೆ ದಿನಕ್ಕೆ ಎಷ್ಟು ಸೆಕೆಂಡ್ ಹಿಂದೆ ಬೀಳುತ್ತದೆ, ಅಥವಾ ಮುಂದೆ ಓಡುತ್ತದೆ?

ಮಕ್ಕಳು ಪಾಠದ ಸೂತ್ರ ಹಾಕುತ್ತಾರೆ. ಆಳಕ್ಕೆ ಹೋದಂತೆ g, ಅಂದರೆ ಗುರುತ್ವದ ವೇಗೋತ್ಕರ್ಷ, ಕಡಿಮೆಯಾಗುತ್ತದೆ, ಕಡಿಮೆಯಾಗುವ ಪಾಲು d/R (d ಆಳ, R ಭೂಮಿಯ ತ್ರಿಜ್ಯ). 3.2ನ್ನು 6400ರಿಂದ ಭಾಗಿಸಿದರೆ ಎರಡು ಸಾವಿರದಲ್ಲಿ ಒಂದು ಪಾಲು. ಲೋಲಕದ ಕಾಲದಲ್ಲಿ ಅದರರ್ಧ. 86,400 ಸೆಕೆಂಡಿಗೆ 21.6 ಸೆಕೆಂಡ್ ಹಿಂದೆ. ಲೆಕ್ಕ ಚೊಕ್ಕವಾಗಿದೆ, ಪುಸ್ತಕದ ಪ್ರಕಾರ ಸರಿಯೂ ಹೌದು.

ಇಲ್ಲಿ ನಿಲ್ಲಿಸಬೇಡಿ. ಏನನ್ನು ಒಪ್ಪಿಕೊಂಡೆವು ಅಂತ ಕೇಳಿ. ಭೂಮಿಯ ಸಾಂದ್ರತೆ ಎಲ್ಲ ಕಡೆ ಒಂದೇ ಅಂತ ಒಪ್ಪಿಕೊಂಡೆವು, ಅಲ್ವಾ? ಆದರೆ ಇಡೀ ಭೂಮಿಯ ಸರಾಸರಿ ಸಾಂದ್ರತೆ ಘನ ಮೀಟರಿಗೆ 5500 ಕಿಲೋ. ಮೇಲಿನ ಬಂಡೆ ಸುಮಾರು 3000. ಕೆಳಗೆ ಇಳಿಯುವಾಗ ಎರಡು ಸಂಗತಿ ಒಟ್ಟಿಗೆ ಆಗುತ್ತವೆ. ತಲೆ ಮೇಲೆ ಉಳಿದ ಪದರದ ಸೆಳೆತ ಲೆಕ್ಕದಿಂದ ಬಿಟ್ಟುಹೋಗುತ್ತದೆ, ಅದರಿಂದ g ಇಳಿಯುತ್ತದೆ. ಭೂಮಿಯ ಕೇಂದ್ರ ಹತ್ತಿರವಾಗುತ್ತದೆ, ಅದರಿಂದ g ಏರುತ್ತದೆ. ಮೇಲಿನ ಬಂಡೆಯ ಸಾಂದ್ರತೆ ಸರಾಸರಿಯ ಮೂರನೇ ಎರಡು ಭಾಗಕ್ಕಿಂತ, ಅಂದರೆ ಸುಮಾರು 3670ಕ್ಕಿಂತ ಕಡಿಮೆ ಇದ್ದರೆ ಏರಿಕೆಯೇ ಗೆಲ್ಲುತ್ತದೆ. 3000 ಹಾಕಿ ನೋಡಿ. ಗಡಿಯಾರ ಹಿಂದೆ ಬೀಳುವುದಿಲ್ಲ, ದಿನಕ್ಕೆ ಸುಮಾರು 8 ಸೆಕೆಂಡ್ ಮುಂದೆ ಓಡುತ್ತದೆ! ಇಂಗ್ಲೆಂಡಿನ ಏರಿ ಎಂಬ ವಿಜ್ಞಾನಿ 1854ರಲ್ಲಿ ಹಾರ್ಟನ್ ಕಲ್ಲಿದ್ದಲು ಗಣಿಗೆ ಲೋಲಕ ಇಳಿಸಿ ಇದನ್ನೇ ಕಂಡ. ಅದರಿಂದ ಭೂಮಿಯ ಸಾಂದ್ರತೆಯನ್ನೂ ಲೆಕ್ಕ ಹಾಕಿದ.

ಮೂರನೇ ಎರಡು ಎಲ್ಲಿಂದ ಬಂತು ಅನ್ನುವುದನ್ನು ಮಕ್ಕಳೇ ಸಾಧಿಸಲಿ. ಒಂದು ವಾರ ಬಿಟ್ಟುಕೊಡಿ, ಬೋರ್ಡ್ ಮೇಲೆ ನೀವು ಬರೆಯಬೇಡಿ. ಗಡಿಯಾರ ಮುಂದೆ ಓಡುತ್ತದೆ ಅಂತ ತಮ್ಮ ಕೈಯಾರೆ ಕಂಡುಕೊಂಡ ಮಗುವಿನ ಮುಖ ನೋಡುವುದಕ್ಕೋಸ್ಕರವೇ ನಾನು ಈ ಕೆಲಸ ಮಾಡುತ್ತಿದ್ದೇನೆ ಅನ್ನಿಸುತ್ತದೆ.

ಒಬ್ಬ ಹುಡುಗಿ ಇನ್ನೂ ಮುಂದೆ ಹೋದಳು. "ಮಿಸ್, ಕೆಳಗೆ ಸೆಕೆ ಅಲ್ವಾ? ಕಂಬಿ ಉದ್ದ ಆಗಲ್ವಾ?" ಅವಳ ತಾತ ಗಣಿಯಲ್ಲಿ ಕೆಲಸ ಮಾಡಿದವರು. ತಳದ ಬಂಡೆಯ ಬಿಸಿ 60 ಡಿಗ್ರಿ ದಾಟಿತ್ತು. ಲೋಲಕಕ್ಕೆ ಬರೀ 30 ಡಿಗ್ರಿ ಜಾಸ್ತಿ ಬಿಸಿ ತಗುಲಿತು ಅಂದುಕೊಂಡರೂ ಉಕ್ಕಿನ ಕಂಬಿ ಹತ್ತು ಸಾವಿರದಲ್ಲಿ ಮೂರೂವರೆ ಪಾಲಿನಷ್ಟು ಹಿಗ್ಗುತ್ತದೆ. ಗಡಿಯಾರ ದಿನಕ್ಕೆ ಹದಿನೈದು ಸೆಕೆಂಡಿನಷ್ಟು ನಿಧಾನವಾಗುತ್ತದೆ. ಗುರುತ್ವ ಕೊಟ್ಟ 8 ಸೆಕೆಂಡನ್ನು ಬಿಸಿ ನುಂಗಿಹಾಕುತ್ತದೆ. ಪರೀಕ್ಷೆಗೆ ಬೇಕಾದದ್ದು ಈ ಹುಡುಗಿ ಕೇಳಿದಂಥ ಪ್ರಶ್ನೆ.

ಪ್ರಯೋಗ ಬಿಡಬೇಡಿ. ಅಂತರರಾಷ್ಟ್ರೀಯ ಒಲಿಂಪಿಯಾಡ್‌ನಲ್ಲಿ ಥಿಯರಿಗೆ ಐದು ಗಂಟೆ, ಪ್ರಯೋಗಕ್ಕೂ ಐದು ಗಂಟೆ. ಲ್ಯಾಬ್ ಇಲ್ಲದಿದ್ದರೆ ದಾರ, ಒಂದು ನಟ್, ಟೇಪು, ಮೊಬೈಲ್ ಸ್ಟಾಪ್‌ವಾಚ್ ಸಾಕು. ಒಂದು ಮೀಟರ್ ದಾರಕ್ಕೆ 20 ಆಂದೋಲನ ಅಂದರೆ ಸುಮಾರು 40 ಸೆಕೆಂಡ್. ಬೆರಳಿನ ತಡ 0.2 ಸೆಕೆಂಡ್ ಅಂದುಕೊಂಡರೆ ಕಾಲದಲ್ಲಿ ಅರ್ಧ ಪರ್ಸೆಂಟ್ ತಪ್ಪು, g ಬೆಲೆಯಲ್ಲಿ ಒಂದು ಪರ್ಸೆಂಟ್. ಈ ಲೋಲಕದಿಂದ ಗಣಿಯ ವಿಷಯ ತೀರ್ಮಾನ ಮಾಡಲು ಆಗುತ್ತದಾ ಅಂತ ಕೇಳಿ. ಯಾಕೆ ಆಗುವುದಿಲ್ಲ ಅಂತ ಅವರೇ ಅಂಕಿ ಇಟ್ಟು ಹೇಳಬೇಕು. ದಾರದ ಉದ್ದ ಬದಲಿಸುತ್ತಾ ಒಂದು ಆಂದೋಲನದ ಕಾಲದ ವರ್ಗ (T²) ಮತ್ತು ಉದ್ದ (L) ಇವೆರಡಕ್ಕೆ ಗ್ರಾಫ್ ಹಾಕಿಸಿ, ಇಳಿಜಾರಿನಿಂದ g ತೆಗೆಸಿ.

ವಿದ್ಯುತ್ ಪಾಠಕ್ಕೂ ಕೆಜಿಎಫ್ ಇದ್ದೇ ಇದೆ. 1902ರಲ್ಲಿ ಶಿವನಸಮುದ್ರದಿಂದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕರೆಂಟ್ ತಂದರು. ವೋಲ್ಟೇಜ್ ಹತ್ತು ಪಟ್ಟು ಏರಿಸಿದರೆ ತಂತಿಯಲ್ಲಿ ಪೋಲಾಗುವ ಶಕ್ತಿ ಎಷ್ಟು ಇಳಿಯುತ್ತದೆ ಅಂತ ಕೇಳಿ. ನೂರು ಪಟ್ಟು ಅಂತ ಬೇಗ ಹೇಳುತ್ತಾರೆ. ಏನನ್ನು ಒಪ್ಪಿಕೊಂಡೆ ಅಂತ ಅಲ್ಲೂ ಬಿಡದೆ ಕೇಳಿ.

ಹಳೇ ಪ್ರಶ್ನೆಪತ್ರಿಕೆಗಳು ಹೋಮಿ ಭಾಭಾ ಕೇಂದ್ರದ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ಸೆಪ್ಟೆಂಬರ್‌ಗಿಂತ ಮುಂಚೆ ಕೊಡಬೇಡಿ. ಮೊದಲು ಕೊಟ್ಟರೆ ಉತ್ತರ ಹುಡುಕುವ ಅಭ್ಯಾಸವಾಗುತ್ತದೆ. ಆಮೇಲೆ ಭಾನುವಾರ ಬೆಳಗ್ಗೆ ಎರಡು ಗಂಟೆ ಕೂರಿಸಿ, ಅದೇ ದಿನ ಮಧ್ಯಾಹ್ನ ತಪ್ಪಾದ ಪ್ರಶ್ನೆಗಳನ್ನಷ್ಟೇ ಮಾತಾಡಿ. ತಪ್ಪು ಉತ್ತರಕ್ಕೆ ಮಾರ್ಕ್ಸ್ ಕಳೆಯುತ್ತಾರೆ, ಕೆಸಿಇಟಿಯಲ್ಲಿ ಕಳೆಯುವುದಿಲ್ಲ. ಹಾಗಾಗಿ ಕಣ್ಣುಮುಚ್ಚಿ ಗುರುತು ಹಾಕುವ ಚಟ ಬಿಡಿಸಬೇಕು. ನಾಲ್ಕರಲ್ಲಿ ಎರಡು ಆಯ್ಕೆಯನ್ನು ಕಾರಣ ಕೊಟ್ಟು ಹೊಡೆದುಹಾಕಲು ಆದರೆ ಮಾತ್ರ ಗುರುತು ಹಾಕಲಿ. ಯೂನಿಟ್ ನೋಡಿ, x ಸೊನ್ನೆಯಾದರೆ ಏನಾಗುತ್ತದೆ ಅಂತ ನೋಡಿ ಆಯ್ಕೆ ಹೊಡೆಯುವುದನ್ನು ಪ್ರತ್ಯೇಕವಾಗಿ ಕಲಿಸಿ.

ಹೆಸರು ನೋಂದಾಯಿಸುವ ದಿನಾಂಕದ ಮೇಲೆ ಮೇಷ್ಟ್ರೇ ಕಣ್ಣಿಡಬೇಕು, ಹಳ್ಳಿ ಮಕ್ಕಳಿಗೆ ಈ ಸುದ್ದಿ ಮುಟ್ಟುವುದೇ ಇಲ್ಲ. ಪರೀಕ್ಷಾ ಕೇಂದ್ರ ಬೆಂಗಳೂರಿನಲ್ಲಿ ಬಿದ್ದರೆ ಬೆಳಗಿನ ರೈಲಿನ ಸಮಯ ಮೊದಲೇ ನೋಡಿಡಿ. ಒಬ್ಬೊಬ್ಬರನ್ನೇ ಕಳಿಸಬೇಡಿ, ಒಟ್ಟಿಗೆ ಕರೆದುಕೊಂಡು ಹೋಗಿ.