ಡಮಾಸ್ಕಸ್ ನಳಿಗೆಯಲ್ಲಿ ಬಿಸ್ಮತ್ ಚರೆ: ನನ್ನ ಅನುಭವ

ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ತಿರುಚಿ ಬೆಸೆದು ಮಾಡಿದ ಹಳೆಯ ಡಮಾಸ್ಕಸ್ ನಳಿಗೆಗೆ ಸೀಸ ಬಿಟ್ಟು ಬೇರೆ ಚರೆ ಹಾಕಿದರೆ ಕೋವಿ ಹೋಯಿತೆಂದೇ ಲೆಕ್ಕ, ಗೋಡೆಗೆ ನೇತುಹಾಕಿ ಅಂದವರೇ ಜಾಸ್ತಿ. ಉಕ್ಕಿನ ಚರೆಯ ಮಟ್ಟಿಗೆ ಆ ಮಾತು ಸರಿ. ಬಿಸ್ಮತ್ ಎಂಬ ಲೋಹದ ಮಟ್ಟಿಗೆ ಅಲ್ಲ. ಬರ್ಮಿಂಗ್‌ಹ್ಯಾಮಿನ ಹಳೆಯ 12 ಬೋರ್ ಜೋಡುನಳಿಗೆಯಲ್ಲಿ ಇಂಗ್ಲೆಂಡಿನ ಮೂರು ಸೀಸನ್, ಸುಮಾರು ಆರುನೂರು ಈಡು ಹೊಡೆದಾಗಿದೆ. ಬೋರಿನ, ಅಂದರೆ ನಳಿಗೆಯ ಒಳವ್ಯಾಸದ, ಅಳತೆ ಅರ್ಧ ಥೌ (ಇಂಚಿನ ಸಾವಿರದಲ್ಲೊಂದು ಭಾಗ) ಕೂಡ ಕದಲಿಲ್ಲ. ಅಲ್ಲಿ ಬಾತು, ಹೆಬ್ಬಾತಿಗೆ 1999ರಿಂದಲೇ ಸೀಸ ಕೂಡದು, ಹಾಗಾಗಿ ಸೀಸ ಬಿಡದೆ ಬೇರೆ ದಾರಿಯೂ ಇರಲಿಲ್ಲ.

ಮೊದಲ ಪೆಟ್ಟು ಬಿದ್ದದ್ದು ಚರೆಯಿಂದಲ್ಲ, ಮುದ್ರೆ ನಂಬಿದ್ದರಿಂದ. ನಳಿಗೆಯ ಅಡಿಯಲ್ಲಿ 12 ಎಂದಿದೆ, ಅಂದರೆ ಪ್ರೂಫ್ (ಹೆಚ್ಚು ಒತ್ತಡದ ತೋಟಾ ಹೊಡೆದು ಮಾಡುವ ಅಧಿಕೃತ ಪರೀಕ್ಷೆ) ಆದಾಗ ಬೋರು .729 ಇಂಚು. ಬ್ರೀಚಿನಿಂದ, ಅಂದರೆ ನಳಿಗೆಯ ಹಿಂತುದಿಯಿಂದ, ಒಂಬತ್ತು ಇಂಚು ಒಳಗೆ ಗೇಜ್ ತೋರಿಸಿದ್ದು .741. ತುಕ್ಕಿನ ಗುಳಿ ತೆಗೆಯಲು ಹಿಂದೆ ಯಾರೋ ಉಜ್ಜಿಸಿದ್ದಾರೆ. ಹತ್ತು ಥೌ ಮೀರಿ ಹಿಗ್ಗಿದರೆ ಆ ಪ್ರೂಫ್‌ಗೆ ಬೆಲೆಯಿಲ್ಲ. ತೀರಾ ತೆಳುವಾದ ಕಡೆ ನಳಿಗೆಯ ಗೋಡೆ 24 ಥೌ ಇತ್ತು. 20ಕ್ಕಿಂತ ಕಡಿಮೆ ಬಂದಿದ್ದರೆ ಅಲ್ಲಿಗೇ ಕೈಬಿಡುತ್ತಿದ್ದೆ. ಮತ್ತೆ ನೈಟ್ರೊ ಪ್ರೂಫ್‌ಗೆ (ಹೊಗೆಯಿಲ್ಲದ ಮದ್ದಿನ ಪರೀಕ್ಷೆಗೆ) ಕಳಿಸಿದೆ. ಅಲ್ಲಿ ನಳಿಗೆ ಒಡೆದರೆ ನಷ್ಟ ನಮ್ಮದೇ. ಅಳತೆ, ಪ್ರೂಫ್, ಗನ್‌ಸ್ಮಿತ್ ಕೂಲಿ ಎಲ್ಲ ಸೇರಿ ಮುನ್ನೂರು ಪೌಂಡಿನ ಆಸುಪಾಸು ಕೈಬಿಟ್ಟಿತು.

ಎರಡನೇ ತಪ್ಪು 70 ಮಿ.ಮೀ. ತೋಟಾ ತಂದದ್ದು. 65ರ ಚೇಂಬರಿನಲ್ಲೂ (ತೋಟಾ ಕೂರುವ ಭಾಗ) ಅದು ಸಲೀಸಾಗಿ ಕೂತುಬಿಡುತ್ತದೆ, ಮೋಸ ಇರುವುದೇ ಅಲ್ಲಿ. ಪೆಟ್ಟಿಗೆಯ ಮೇಲೆ ಬರೆದ ಉದ್ದವು ತೋಟಾದ ಮಡಿಸಿದ ಬಾಯಿ ಬಿಚ್ಚಿಕೊಂಡ ಮೇಲಿನದು. ಹೊಡೆದಾಗ ತುದಿ ಫೋರ್ಸಿಂಗ್ ಕೋನ್ (ಚೇಂಬರಿನ ಮುಂದೆ ಬೋರಿಗೆ ಕಿರಿದಾಗುವ ಭಾಗ) ಒಳಗೆ ಬಿಚ್ಚಿಕೊಂಡು ದಾರಿ ಇಕ್ಕಟ್ಟಾಗುತ್ತದೆ, ಒತ್ತಡ ಏರುತ್ತದೆ. ಎರಡು ಪೆಟ್ಟಿಗೆ ದಂಡ. ಸೆರೋಸೇಫ್ ಎಂಬ ಬೇಗ ಕರಗುವ ಮಿಶ್ರಲೋಹದ ಎರಕ ಹೊಯ್ದು ನೋಡಿದಾಗಲೇ ಚೇಂಬರ್ 65 ಎಂದು ಖಾತ್ರಿಯಾಗಿದ್ದು. ಎರಕ ಮೊದಲು ಕುಗ್ಗಿ ಆಮೇಲೆ ಹಿಗ್ಗುತ್ತದೆ. ಒಂದು ಗಂಟೆ ಬಿಟ್ಟು ಅಳೆಯಿರಿ, ನಾನು ಅವಸರಪಟ್ಟು ಎರಡು ಸಲ ಹೊಯ್ದೆ.

ಇನ್ನು ಚರೆ. ಸೀಸದ ಸಾಂದ್ರತೆ 11.3, ಬಿಸ್ಮತ್ 9.6ರ ಹತ್ತಿರ, ಆದ್ದರಿಂದ 6ರ ಬದಲು ಒಂದು ಸೈಜ್ ದಪ್ಪ, 5. ಕಾರ್ಖಾನೆಯ 28 ಗ್ರಾಂ ತೋಟಾದಲ್ಲಿ 250 ಚರೆ ಇರಬಹುದು. ಬಲ ನಳಿಗೆ ಮೊದಲ ದಿನದಿಂದಲೇ ಸರಿಯಿತ್ತು. ಎಡದ್ದಕ್ಕೆ ಚೋಕ್ (ನಳಿಗೆಯ ಬಾಯಿಯ ಬಳಿಯ ಇಕ್ಕಟ್ಟು) 38 ಥೌ, ಅಂದರೆ ಫುಲ್ ಚೋಕ್, ಅದೇ ಕಾಟ. 40 ಗಜದಲ್ಲಿ ಕಾಗದಕ್ಕೆ ಹೊಡೆದು ನೋಡಿದರೆ 30 ಇಂಚಿನ ವೃತ್ತದೊಳಗೆ 130 ತೂತು, ನಡುವೆ ಅಂಗೈಯಗಲದ ಖಾಲಿ. ಕಾಗದವನ್ನು ಬೆಳಕಿಗೆ ಹಿಡಿದರೆ ದುಂಡು ತೂತುಗಳ ಮಧ್ಯೆ ಸೂಜಿ ಚುಚ್ಚಿದಂಥ ಕಿರುತೂತುಗಳು. ಒದ್ದೆ ಪತ್ರಿಕೆಯ ಕಟ್ಟಿಗೆ ಹೊಡೆದು ಬಿಡಿಸಿ ನೋಡಿದರೆ ಅರ್ಧ ಹೋಳಾದ ಚರೆಗಳು, ಒಡೆದ ಮುಖದಲ್ಲಿ ಹರಳಿನ ಹೊಳಪು. ತವರ ಬೆರೆಸಿದ್ದರೂ ಬಿಸ್ಮತ್ ಪೆಡಸು. ಚೋಕಿನಲ್ಲಿ ಹಿಂಡಿದರೆ ಸೀಸದ ಹಾಗೆ ಚಪ್ಪಟೆಯಾಗದೆ ಸಿಡಿಯುತ್ತದೆ.

ಗನ್‌ಸ್ಮಿತ್ ಹತ್ತಿರ ಚೋಕನ್ನು ಹಂತಹಂತವಾಗಿ ತೆಗೆಸಿದೆ, ಪ್ರತಿ ಹಂತಕ್ಕೂ ಆರು ಕಾಗದ. 18 ಥೌನಲ್ಲಿ ನಿಲ್ಲಿಸಿದಾಗ 150 ಬಂತು, ನಡುವಿನ ಖಾಲಿಯೂ ತುಂಬಿತು. ಯಾವ ಕಂಪನಿಯ ತೋಟಾ ಎಂದು ಹೇಳುವುದಿಲ್ಲ. ಆರು ಬಗೆ ಸುಟ್ಟು ಕಂಡುಕೊಂಡದ್ದು, ನಿಮ್ಮ ನಳಿಗೆಗೆ ಬೇರೆಯೇ ಒಗ್ಗಬಹುದು.

ಟಂಗ್‌ಸ್ಟನ್ ಮ್ಯಾಟ್ರಿಕ್ಸ್ (ಟಂಗ್‌ಸ್ಟನ್ ಪುಡಿಯನ್ನು ಪಾಲಿಮರ್‌ನಲ್ಲಿ ಬೆರೆಸಿದ ಚರೆ) ಕೂಡ ನೋಡಿದೆ. ಹೆಚ್ಚುಕಡಿಮೆ ಸೀಸದಷ್ಟೇ ಭಾರ, ಮೆದು, ಚೋಕ್ ಮುಟ್ಟುವ ಅಗತ್ಯವೇ ಇಲ್ಲ. ಆದರೆ ನಾನು ನೋಡಿದಾಗ ತೋಟಾ ಒಂದಕ್ಕೆ ನಾಲ್ಕು ಪೌಂಡಿನ ಮೇಲಿತ್ತು. ಬಿಸ್ಮತ್ ಎರಡರ ಹತ್ತಿರವಿತ್ತು. ಸೀಸ ಅರ್ಧ ಪೌಂಡು ಇದ್ದಿರಬೇಕು.

ಬಿಸ್ಮತ್‌ಗೆ ನಾರಿನ ವ್ಯಾಡ್ (ಮದ್ದು, ಚರೆಗಳ ನಡುವಿನ ಬಿರಡೆ) ಸಾಕು. ಉಕ್ಕಿಗೆ ಚರೆಯನ್ನು ಸುತ್ತುವ ದಪ್ಪ ಬಟ್ಟಲು ಬೇಕೇ ಬೇಕು, ಅದಿದ್ದರೂ ಗಟ್ಟಿ ಚರೆ ಚೋಕಿನ ಹಿಂದೆ ಉಂಗುರದಂತೆ ಉಬ್ಬು ಎಬ್ಬಿಸಬಹುದು. ಡಮಾಸ್ಕಸ್‌ನಲ್ಲಿ ಅದನ್ನು ಪರೀಕ್ಷೆಗೆಂದೂ ಹಾಕಿಲ್ಲ, ಹಾಕುವುದೂ ಇಲ್ಲ.

ಕೊಡಗಿನ ಮನೆಗಳಲ್ಲಿ ಹಳೆಯ ಇಂಗ್ಲಿಷ್ ಜೋಡುನಳಿಗೆ ಇಟ್ಟುಕೊಂಡವರು ಸೀಸವನ್ನೇ ಹೊಡೆಯುವುದಾದರೂ ಬೋರು, ಗೋಡೆ, ಚೇಂಬರ್ ಮೂರನ್ನೂ ಒಮ್ಮೆ ಅಳೆಸಿ. ನಳಿಗೆ ಉಜ್ಜಿಸಿಕೊಂಡದ್ದು ಹೊರಗಿನಿಂದ ಗೊತ್ತಾಗುವುದಿಲ್ಲ.